ಹದಿನೇಳನೇ ಬಳ್ಳಿ

ಮೀನು ಮಾರುವ ಅಣ್ಣನಿಂದ ಕಡ ತಂದ
ಥರ್ಮೋಕೋಲ್ ಡಬ್ಬಿ. ಎಷ್ಟು ತೊಳೆದರೂ
ಬಂಗುಡೆ ವಾಸನೆ. ಅದರೊಳಗೆ ಐಸು,
ಐಸಿನ ಮೇಲೆ ಇಪ್ಪತ್ತೆರಡು ಪೊಟ್ಟಣ,
ಪೊಟ್ಟಣಕ್ಕೆ ಎರಡೆರಡು ಎಳೆ ಎಲೆ.

ಮೂಡಿಗೆರೆ ಹ್ಯಾಂಡ್‌ಪೋಸ್ಟಿನಲ್ಲಿ ಇಳಿಯುವಾಗ
ಕಂಡಕ್ಟರು ಕೇಳಿದ: "ಮೀನು ಎಷ್ಟಕ್ಕೆ ಮೇಡಂ?"
ಮೆಣಸಿನೆಲೆ ಅಂದೆ. ನಂಬಲಿಲ್ಲ.

ಎಲೆ ಕೊಯ್ದು ಕೊಟ್ಟವರು ಇದಿನಬ್ಬ ಬ್ಯಾರಿ.
ನಲವತ್ತು ವರ್ಷದಿಂದ ಒಂಟಿ ಬಿದಿರಿನ ಏಣಿ ಹತ್ತುವವರು.
ಮರಕ್ಕೆ ಅದನ್ನು ಒರಗಿಸಿ, ಹಗ್ಗ ಬಿಗಿದು,
ಮೇಲಿನಿಂದಲೇ ಕೂಗುತ್ತಿದ್ದರು,
ಕೆಳಗೆ ನಾನು ಬರೆದುಕೊಳ್ಳುತ್ತಿದ್ದೆ:
ಕರಿಮಲ್ಲಿಗೆಸರ. ಬಿಳಿಮಲ್ಲಿಗೆಸರ.
ದೊಡ್ಡಿಗೆ. ಉದ್ದಗೆರೆ. ಕರಿಮುಂಡ.
ಇದು ಪಣಿಯೂರು, ನರ್ಸರಿಯಿಂದ ಬಂದದ್ದು,
ಬಿಸಿಲು ಬೇಕು ಇದಕ್ಕೆ, ಸ್ವಲ್ಪ ಸೊಕ್ಕು.
ಇದು...
ಹದಿನೇಳರಲ್ಲಿ ನಿಂತರು.
ಕಾಳಿನ ಗೆರೆಯೊಂದನ್ನು ಬೆರಳಲ್ಲಿ ತಿರುವಿದರು.
"ಇದು ಉಮ್ಮನದು ಅಂತ ಬರೆದುಕೊಳ್ಳಿ."
ಆ ಅಂಕಣದ ತಲೆಯಲ್ಲಿ 'ತಳಿ' ಎಂದಿತ್ತು.
ನಾನು ಬರೆಯಲಿಲ್ಲ.

ಮೆಣಸಿನೆಲೆ ಸುಲಭಕ್ಕೆ ಬಾಯಿ ಬಿಡುವುದಿಲ್ಲ.
ಅರೆದರೆ ಲೋಳೆ. ಕೊಂಚ ತಡವಾದರೆ
ಹಳಸಿದ ಬಸಳೆ ಸಾರಿನ ಬಣ್ಣ.
ಉಪ್ಪು ಹೆಚ್ಚಿಸಿದೆ, ಬಿಸಿನೀರಲ್ಲಿಟ್ಟೆ, ಗಿರ್ರನೆ ತಿರುಗಿಸಿದೆ,
ಎರಡು ಸಲ ಚೆಲ್ಲಿದೆ.
ಮೂರನೇ ಸಲ ಕೊಳವೆಯ ತಳದಲ್ಲಿ ಅಂತೂ
ಹತ್ತಿಯ ಎಳೆಯಷ್ಟು ಬಿಳುಪು.
ನಲವತ್ತಡಿ ಬಳ್ಳಿಯ ಇಡೀ ಜಾತಕ
ಉಗುರಿನ ತುದಿಯಲ್ಲಿ ಕೂರುವಷ್ಟು.

ಜೆಲ್ ಓಡುತ್ತಿದ್ದಾಗ ಕರೆಂಟು ಹೋಯಿತು.
ಜನರೇಟರಿಗೆ ಡೀಸೆಲಿಲ್ಲ, ಬಿಲ್ಲು ಪಾಸಾಗಿಲ್ಲ.
ಬಳ್ಳಿಗಳೆಲ್ಲ ಅರ್ಧ ದಾರಿಯಲ್ಲಿ ನಿಂತಿದ್ದವು,
ಬಸ್ಸು ಕೆಟ್ಟ ದಿಬ್ಬಣದವರ ಹಾಗೆ.
ನಾನೂ ಕತ್ತಲಲ್ಲಿ ಕೂತೆ, ಅವರ ಜೊತೆ.

ಕೊನೆಗೆ, ನೇರಳೆ ಬೆಳಕಿನಡಿ
ಗೆರೆಗಳು ಎದ್ದವು.
ಬದಿಗೆ ಅಳತೆಗೆಂದು ಹಾಕುವ ಸಾಲಿಗೆ
ನಾವೂ ಏಣಿ ಅನ್ನುತ್ತೇವೆ, ಬ್ಯಾರಿಗಳೇ.
ಬಿದ್ದರೆ ಸೊಂಟ ಮುರಿಯದ ಏಣಿ.
ಮೆಟ್ಟಿಲು ಮೆಟ್ಟಿಲು ಇಳಿದು ನೋಡಿದೆ:
ನಿಮ್ಮ ಕರಿಮಲ್ಲಿಗೆಸರ, ಬಿಳಿಮಲ್ಲಿಗೆಸರ
ಎಂಟು ಗುರುತಿನಲ್ಲೂ ಒಂದೇ.
ಒಂದೇ ಹೆಸರಿನ ಎರಡು ಕರಿಮುಂಡಕ್ಕೆ ಮಾತ್ರ
ಹುಟ್ಟಾ ಸಂಬಂಧವಿಲ್ಲ.
ಹದಿನೇಳನ್ನು ಯಾರ ಪಕ್ಕ ನಿಲ್ಲಿಸಿದರೂ
ಒಂದು ಗೆರೆ ಹೆಚ್ಚು, ನಡುವೆ, ಮಂಕಾಗಿ.

ನಾನೇ ತಪ್ಪಿದೆನೆಂದು ಮತ್ತೆ ಓಡಿಸಿದೆ.
ಅಲ್ಲೇ ಇತ್ತು.

ತೋಟದ ಉತ್ತಮೇಗೌಡರ ಫೋನು:
"ಹೊಸ ತಳಿಯಂತೆ? ಎಸ್ಟೇಟಿನ ಹೆಸರಿಡಿ.
ಇಲ್ಲಾ, ನಮ್ಮಪ್ಪಾಜಿ ಹೆಸರಾದರೂ ನಡೆಯುತ್ತೆ."
ಹೂಂ ಅನ್ನಲಿಲ್ಲ. ಉಹೂಂ ಅನ್ನುವ ಸಂಬಳವೂ ನನ್ನದಲ್ಲ.

ಏಣಿ ಹೆಗಲ ಮೇಲಿಟ್ಟುಕೊಂಡೇ
ಬ್ಯಾರಿಗಳು ಹಾಳೆ ನೋಡಿದರು.
"ಕರಿ, ಬಿಳಿ ಒಂದೇನಾ?
ಒಂದು ಹಲಸು ಹತ್ತಿದೆ, ಒಂದು ಸಿಲ್ವರು.
ಇಟ್ಟುಕೊಂಡ ಮನೆಯ ಬಣ್ಣ ಬರದೆ ಇರುತ್ತಾ ಮೇಡಂ?"
ಗುರುತುಗಳು ಅದನ್ನು ಹೇಳುವುದಿಲ್ಲ.
ನಾನೂ ವಾದಿಸಲಿಲ್ಲ.

ಆಮೇಲೆ, ನಾನು ಕೇಳದೆಯೇ:
ಉಮ್ಮ ಚಾರ್ಮಾಡಿ ಹತ್ತಿ ಬರುವಾಗ
ತಲೆವಸ್ತ್ರದ ತುದಿ ಒದ್ದೆ ಮಾಡಿ ಸುತ್ತಿ ತಂದ ಕಡ್ಡಿಯಂತೆ.
"ನೆಟ್ಟ ಜಾಗ ನಮ್ಮದಲ್ಲ. ಮರ ನಮ್ಮದಲ್ಲ.
ಕಾಳಂತೂ ಎಂದೂ ನಮ್ಮದಲ್ಲ."
ಸ್ವಲ್ಪ ಯೋಚಿಸಿ,
"ಕಡ್ಡಿ ಮಾತ್ರ."

ವರದಿಯಲ್ಲಿ 'ಸ್ಥಳೀಯ ಹೆಸರು' ಎಂಬ ಖಾಲಿ ಜಾಗವಿದೆ.
ಪೆನ್ಸಿಲಲ್ಲಿ ಬರೆದೆ: ಉಮ್ಮನದು.
ಸಾಹೇಬರು ಅಳಿಸಬಹುದು. ಅದಕ್ಕೇ
ಕೆಳಗಿನ ಹಾಳೆಗೂ ಗೆರೆ ಬೀಳುವ ಹಾಗೆ
ಒತ್ತಿ ಬರೆದೆ.

ಸಂಜೆ ಡಬ್ಬಿ ವಾಪಸು ಕೊಟ್ಟೆ.
ಅಣ್ಣ ಮೂಸಿ ನೋಡಿ ಜಗಳ ತೆಗೆದ:
ಏನೋ ಘಾಟು ಹತ್ತಿಸಿದ್ದೀರಿ,
ಇನ್ನು ನನ್ನ ಮೀನು ಯಾರು ತಗೊಳ್ಳುತ್ತಾರೆ?